ಕಟಿಸ್ನಾನಕ್ಕೆ ಹೂವಿನ ಎಣ್ಣೆ ಎಷ್ಟು ಹನಿ? ಧಾತಕ್ಯಾದಿ ತೈಲವೂ ಇದೂ ಒಂದೇನಾ?

ಸಂಪಿಗೆರೋಡ್ ಕೇಳಿದ್ದು:

ಮನೆಯಲ್ಲಿ ಮೂರು ವಾರದ ಬಾಣಂತಿ ಇದ್ದಾಳೆ. ನಾರ್ಮಲ್ ಹೆರಿಗೆ, ಹೊಲಿಗೆ ಬಿದ್ದಿದೆ. ಕೂತರೆ ಎಳೆತ, ಮೂತ್ರಕ್ಕೆ ಹೋದರೆ ಉರಿ. ಅದೇ ಮನೆಯಲ್ಲಿ ಮುಟ್ಟು ನಿಂತು ಮೂರು ವರ್ಷವಾದ ಹಿರಿಯರಿಗೆ ಒಣಗಿದ ಹಾಗೆ ಆಗಿ ತುರಿಕೆ. ಇಬ್ಬರಿಗೂ ಸೇರಿ ಮೂರು ಸಲಹೆ ಬಂದಿವೆ:

ಬೋಗುಣಿ ನೀರಿಗೆ ಲ್ಯಾವೆಂಡರ್ ಎಣ್ಣೆ ಹಾಕಿ ಬಾಣಂತಿಯನ್ನು ಸೊಂಟದವರೆಗೆ ಕೂರಿಸುವುದು, ಅಂದರೆ ಕಟಿಸ್ನಾನ. ಹತ್ತಿಯನ್ನು ಹೂವಿನ ತೈಲದಲ್ಲಿ ಅದ್ದಿ ಒಳಗಿಡುವುದು, ಇದಕ್ಕೆ ಧಾತಕ್ಯಾದಿ ತೈಲದ ಹೆಸರು ಹೇಳುತ್ತಿದ್ದಾರೆ. ಹಿರಿಯರಿಗೆ ಕೊಬ್ಬರಿ ಎಣ್ಣೆಯಲ್ಲಿ ಎರಡು ಹನಿ ಮಲ್ಲಿಗೆ ಅತ್ತರು.

ಹನಿ ಲೆಕ್ಕ ಎಷ್ಟು? ಬೆಂಗಳೂರಲ್ಲಿ ನಂಬಬಹುದಾದ ಎಣ್ಣೆ ಎಲ್ಲಿ ಸಿಗುತ್ತದೆ? ಆಯುರ್ವೇದದ ತೈಲವೂ ಸಣ್ಣ ಕಂದು ಬಾಟಲಿಯಲ್ಲಿ ಬರುವ ಎಸೆನ್ಷಿಯಲ್ ಆಯಿಲ್ಲೂ ಒಂದೇ ಅಂತ ಅಂಗಡಿಯವನು ಹೇಳಿದ. ಹೌದಾ?

---

ಬಟ್ಟಿಪಾತ್ರೆ:

ಒಂದೇ ಅಲ್ಲ. ಅಂಗಡಿಯವನ ಮಾತನ್ನು ಅಲ್ಲೇ ಬಿಟ್ಟುಬನ್ನಿ, ಇಡೀ ಗೊಂದಲ ಹುಟ್ಟುವುದೇ ಅಲ್ಲಿ.

ಕನ್ನಡದಲ್ಲಿ "ಮಲ್ಲಿಗೆ ಎಣ್ಣೆ" ಅಂತ ಕೇಳಿದರೆ ನಾಲ್ಕು ಬೇರೆ ಪದಾರ್ಥಗಳಲ್ಲಿ ಯಾವುದಾದರೂ ಕೈಗೆ ಬರಬಹುದು. ಎಳ್ಳೆಣ್ಣೆಗೋ ಕೊಬ್ಬರಿ ಎಣ್ಣೆಗೋ ಹೂ ಹಾಕಿ ಕಾಯಿಸಿದ್ದು, ಅದು ತೈಲ. ಹೂವಿನಿಂದ ತೆಗೆದ ಬರೀ ಸುಗಂಧದ ಅಂಶ, ಅದು ಎಸೆನ್ಷಿಯಲ್ ಆಯಿಲ್. ಹೂವಿನ ಆವಿಯನ್ನು ಗಂಧದೆಣ್ಣೆಯೊಳಗೆ ಇಳಿಸಿದ್ದು ಅತ್ತರು. ಹೂವನ್ನೇ ಕಾಣದ ರಾಸಾಯನಿಕ ಸೆಂಟು ನಾಲ್ಕನೆಯದು. ಪೇಟೆಯಲ್ಲಿ ಹೆಚ್ಚು ಸಿಗುವುದು ಈ ನಾಲ್ಕನೆಯದೇ.

ಮಲ್ಲಿಗೆ, ಜಾಜಿ ಆವಿಯಲ್ಲಿ ಬಟ್ಟಿ ಇಳಿಸಿದರೆ ಪರಿಮಳ ಕೆಡುವ ಹೂಗಳು. ಹೆಕ್ಸೇನ್ ಎಂಬ ದ್ರಾವಕದಲ್ಲಿ ನೆನೆಸಿ ಮೇಣದಂಥ "ಕಾಂಕ್ರೀಟ್" ತೆಗೆಯುತ್ತಾರೆ, ಅದನ್ನು ಆಲ್ಕೋಹಾಲಿನಲ್ಲಿ ತೊಳೆದು "ಅಬ್ಸೊಲ್ಯೂಟ್" ಮಾಡುತ್ತಾರೆ. ತಮಿಳುನಾಡಿನ ಸತ್ಯಮಂಗಲ, ಮಧುರೈ ಕಡೆಯ ಕಾರ್ಖಾನೆಗಳಲ್ಲಿ ನಡೆಯುವ ಕೆಲಸ ಇದು. ಒಂದು ಕಿಲೋ ಅಬ್ಸೊಲ್ಯೂಟ್‌ಗೆ ಹೆಚ್ಚುಕಡಿಮೆ ಒಂದು ಟನ್ ಹೂ ಬೇಕು. ಗುಲಾಬಿ ಎಣ್ಣೆಗೆ ಇನ್ನೂ ಜಾಸ್ತಿ, ಕಿಲೋಗೆ 3ರಿಂದ 5 ಟನ್. ಈಗ ಕೆ.ಆರ್. ಮಾರ್ಕೆಟ್ಟಿನ ಮಲ್ಲಿಗೆ ರೇಟು ಹಿಡಿದು ನೀವೇ ಗುಣಿಸಿ ನೋಡಿ. 10 ಮಿ.ಲೀ. ಬಾಟಲಿ ನೂರಿನ್ನೂರು ರೂಪಾಯಿಗೆ ಹೇಗೆ ಬರುತ್ತದೆ?

ಅತ್ತರಿನದು ಬೇರೆ ಕತೆ. ಉತ್ತರ ಪ್ರದೇಶದ ಕನೌಜಿನ ಪದ್ಧತಿಯಲ್ಲಿ ತಾಮ್ರದ ಹಂಡೆಯಿಂದ ಬಿದಿರ ಕೊಳವೆಯಲ್ಲಿ ಆವಿ ಹರಿದು, ಕೆಳಗಿನ ಪಾತ್ರೆಯ ಗಂಧದೆಣ್ಣೆಯಲ್ಲಿ ಕೂರುತ್ತದೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಆ ಜಾಗಕ್ಕೆ ಲಿಕ್ವಿಡ್ ಪ್ಯಾರಫಿನ್ ಮತ್ತು ಬೇರೆ ರಾಸಾಯನಿಕ ದ್ರಾವಕಗಳು ಬಂದು ಕೂತಿವೆ. ಶಿವಾಜಿನಗರದ ಅತ್ತರು ಬಟ್ಟೆಗೆ, ಮಣಿಕಟ್ಟಿಗೆ ಸೊಗಸು. ಲೋಳೆಪೊರೆಗೆ ಅದನ್ನು ಯಾರೂ ಮಾಡಿದ್ದಲ್ಲ. ಹಿರಿಯರಿಗೆ ಹೇಳಿದ ಮಲ್ಲಿಗೆ ಅತ್ತರನ್ನು ಇವತ್ತೇ ಪಕ್ಕಕ್ಕಿಡಿ.

ಬಾಟಲಿ ಪರೀಕ್ಷೆಗೆ: ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮಾರನೇ ದಿನ ನೋಡಿ. ನಿಜವಾದ ಲ್ಯಾವೆಂಡರ್ ಆರಿಹೋಗಿ ಜಿಡ್ಡಿನ ಕಲೆ ಉಳಿಯಬಾರದು. ಜಿಡ್ಡು ಉಳಿದರೆ ಅಡುಗೆ ಎಣ್ಣೆಯಂಥದ್ದೇನೋ ಬೆರೆತಿದೆ. ಲೋಟ ನೀರಿಗೆ ಹಾಕಿದಾಗ ಹಾಲಿನಂತೆ ಬೆಳ್ಳಗಾದರೆ ಕರಗಿಸುವ ರಾಸಾಯನಿಕ ಇದೆ. ಲೇಬಲ್ ಮೇಲೆ ಲ್ಯಾವಂಡುಲಾ ಅಂಗುಸ್ಟಿಫೋಲಿಯಾ ಅಂತ ಪೂರ್ತಿ ಹೆಸರು, ಬ್ಯಾಚ್ ನಂಬರು ಇರಬೇಕು. ಲ್ಯಾವಂಡಿನ್ ಅನ್ನುವ ಅಗ್ಗದ ಬೆರಕೆ ತಳಿಯಲ್ಲಿ ಕರ್ಪೂರದ ಅಂಶ ಹೆಚ್ಚು, ನಾಜೂಕು ಚರ್ಮಕ್ಕೆ ಚುರುಚುರು ಅನ್ನುತ್ತದೆ. "100% ಪ್ಯೂರ್" ಅನ್ನುವ ಅಕ್ಷರಕ್ಕೆ ಕಾಸಿನ ಬೆಲೆಯಿಲ್ಲ.

---

ಪ್ರಸೂತಿತಂತ್ರ:

ಧಾತಕ್ಯಾದಿ ತೈಲದ ವಿಷಯ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 30ನೇ ಅಧ್ಯಾಯ ಯೋನಿವ್ಯಾಪತ್ತಿನದು, ಅಂದರೆ ಹೆಂಗಸರ ಜನನಾಂಗದ ರೋಗಗಳದು, 20 ಬಗೆ ಹೇಳಿದೆ, ಈ ತೈಲ ಬರುವುದು ಅಲ್ಲಿ. ಧಾತಕಿ ಹೂ, ಲೋಧ್ರ, ಜೇಷ್ಠಮಧು, ನೈದಿಲೆ, ದಾಳಿಂಬೆ ಸಿಪ್ಪೆ, ನೇರಳೆ ಮತ್ತು ಮಾವಿನ ಬೀಜ, ಪಟಿಕ (ಆಲಂ) ಇತ್ಯಾದಿ ಅರೆದು ಎಳ್ಳೆಣ್ಣೆಯಲ್ಲಿ ಬೇಯಿಸುತ್ತಾರೆ. ಜೊತೆಗೆ ಆಡಿನ ಮೂತ್ರ, ಹಾಲು. ("ಹೂವಿನ ತೈಲ" ಅಂತ ಮೂಸಿ ನೋಡುವವರಿಗೆ ನಿರಾಸೆ ಖಂಡಿತ.) ಪಟ್ಟಿಯನ್ನು ಗಮನಿಸಿ: ಬಹುಪಾಲು ಒಗರು ದ್ರವ್ಯಗಳು. ಅತಿಯಾದ ಸ್ರಾವ, ಸಡಿಲಕ್ಕೆ ಹೇಳಿದ ಯೋಗ ಅದು. ಒಣಗಿದ ಜಾಗಕ್ಕೆ ಒಗರು ಹಾಕಿದರೆ ಇನ್ನಷ್ಟು ಬಿಗಿಯುತ್ತದೆ, ಹಾಗಾಗಿ ನಿಮ್ಮ ಹಿರಿಯರಿಗೆ ಇದು ಸರಿಹೊಂದುವುದಿಲ್ಲ.

ತೈಲಪಾಕದ ಸಾಮಾನ್ಯ ಲೆಕ್ಕ 1 ಭಾಗ ಕಲ್ಕ (ಅರೆದ ಮುದ್ದೆ), 4 ಭಾಗ ಎಣ್ಣೆ, 16 ಭಾಗ ದ್ರವ. ದ್ರವವೆಲ್ಲ ಆರುವ ತನಕ ಸಣ್ಣ ಉರಿ. ಕಲ್ಕ ಬೆರಳ ನಡುವೆ ಬತ್ತಿಯಂತೆ ಹೊಸೆಯಬೇಕು, ಬೆಂಕಿಗೆ ಹಾಕಿದರೆ ಚಟಪಟ ಅನ್ನಬಾರದು, ಎಣ್ಣೆಯಲ್ಲಿ ನೊರೆ ಏಳಬೇಕು. ಅಷ್ಟು ಹೊತ್ತು ಕುದಿಯುವಾಗ ಹೂವಿನ ಹಾರುವ ಪರಿಮಳವೆಲ್ಲ ಆವಿಯ ಜೊತೆ ಹೋಗಿರುತ್ತದೆ. ಬಟ್ಟಿ ಇಳಿಸುವವರು ಹಿಡಿದಿಟ್ಟುಕೊಳ್ಳುವುದು ನಾವು ಬಾಣಲೆಯಿಂದ ಬಿಟ್ಟುಕೊಡುವ ಅದೇ ಭಾಗವನ್ನು. ಒಂದು ಹೂವಿನ ಹೆಸರಿನಲ್ಲಿ ಎರಡು ವಿರುದ್ಧ ಪದಾರ್ಥಗಳು ಹುಟ್ಟುವುದು ಹೀಗೆ. ತೈಲದ ಪಿಚು (ತೈಲದಲ್ಲಿ ಅದ್ದಿ ಒಳಗಿಡುವ ಹತ್ತಿ) ಹಿಂದಿನಿಂದ ಇದೆ ಎಂದು ಎಸೆನ್ಷಿಯಲ್ ಆಯಿಲ್ ಅದ್ದಿದ ಹತ್ತಿಗೆ ಪರಂಪರೆಯ ಮುದ್ರೆ ಒತ್ತಬೇಡಿ.

ಪಿಚು ಇಡುವ ಕ್ರಮ ಹೀಗೆ: ಗಾಜ್ ಬಟ್ಟೆಯಲ್ಲಿ ಹತ್ತಿ ಸುತ್ತಿ, ಉದ್ದ ದಾರ ಕಟ್ಟಿ, ಆಟೋಕ್ಲೇವ್ ಮಾಡಿರಬೇಕು. ಮೂತ್ರ ಮಾಡಿಬಂದ ಮೇಲೆ ಉಗುರುಬೆಚ್ಚನೆಯ ತೈಲದಲ್ಲಿ ಅದ್ದಿ ಇಟ್ಟು, ದಾರ ಹೊರಗೆ ಬಿಟ್ಟು, ಎರಡು ಮೂರು ಗಂಟೆ ಅಥವಾ ಮತ್ತೆ ಮೂತ್ರದ ಒತ್ತಡ ಬರುವ ತನಕ. ಸಾಮಾನ್ಯವಾಗಿ ಆ ತಿಂಗಳ ಮುಟ್ಟು ಮುಗಿದ ನಂತರದ ಏಳು ದಿನ. ಮೊದಲು ಒಳಪರೀಕ್ಷೆ ಆಗಿರಬೇಕು, ಇಡುವುದು ವೈದ್ಯರು ಅಥವಾ ತರಬೇತಾದ ಸಿಸ್ಟರ್. ಮನೆಯಲ್ಲಿ ಕೆಡುವುದು ಎರಡು ಕಡೆ. ದಾರವಿಲ್ಲದ ಹತ್ತಿ ಮೇಲೆ ಹೋಗಿ ಕೂತು, ಮರೆತು, ನಾಲ್ಕು ದಿನಕ್ಕೆ ನಾರುತ್ತದೆ. ಇಲ್ಲವೇ ಅಡುಗೆಮನೆ ಡಬ್ಬಿಯ ಎಣ್ಣೆ, ದೇವರಮನೆ ಹತ್ತಿ ಬಳಸಿ ಸೋಂಕು ತರಿಸಿಕೊಳ್ಳುತ್ತಾರೆ.

ಮೂರು ವಾರದ ಬಾಣಂತಿಗೆ ಪಿಚು ಬೇಡವೇ ಬೇಡ. ಸ್ರಾವ ಇನ್ನೂ ಇರುತ್ತದೆ, ಗರ್ಭಕೋಶದ ಒಳಗಾಯ ಆರಿರುವುದಿಲ್ಲ. ಆರು ವಾರ ಒಳಗೆ ಏನನ್ನೂ ಇಡಬಾರದು. ಜಾತ್ಯಾದಿ ತೈಲವನ್ನೂ "ಜಾಜಿ ಹೂವಿನ ಎಣ್ಣೆ" ಅಂತ ತಂದು ಹಚ್ಚುವವರಿದ್ದಾರೆ. ಅದಕ್ಕೆ ಹಾಕುವುದು ಜಾಜಿಯ ಎಲೆ, ಹೂವಲ್ಲ. ತುತ್ಥ, ಅಂದರೆ ಮೈಲುತುತ್ತವೂ ಅದರಲ್ಲಿದೆ. ಹೊರಗಾಯಕ್ಕೆ ವೈದ್ಯರು ಹೇಳಿದಷ್ಟು ಮಾತ್ರ.

ನೋಡಿಸಿಕೊಳ್ಳುವುದಿದ್ದರೆ ಆನಂದರಾವ್ ವೃತ್ತದ ಹತ್ತಿರ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಆಸ್ಪತ್ರೆ ಇದೆ, ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗವನ್ನು ಕೇಳಿ ಹೋಗಿ.

---

ಹಳೇಪೇಟೆ:

ಇಷ್ಟೆಲ್ಲ ಯಾಕೆ? ಲ್ಯಾವೆಂಡರ್ ಬೇಡ ಅಂದ್ರೆ ಪನ್ನೀರು ಹಾಕಿ ತೊಳೀರಿ. ಗುಲಾಬಿ ನೀರು ತಂಪು, ಏನೂ ಆಗಲ್ಲ.

---

ಬಟ್ಟಿಪಾತ್ರೆ:

@ಹಳೇಪೇಟೆ, ಗ್ರಂಥಿಗೆ ಅಂಗಡಿಯ ಪೂಜೆ ಪನ್ನೀರು ಬಹುಮಟ್ಟಿಗೆ ನೀರು, ಸೆಂಟು. ಮದುವೆಯಲ್ಲಿ ಚಿಮುಕಿಸಲಿಕ್ಕೆ ಅದೇ ಸಾಕು. ನಿಜವಾದ ಬಟ್ಟಿ ಗುಲಾಬಿ ಜಲದಲ್ಲಿ ಎಣ್ಣೆಯಂಶ ಶೇಕಡಾ ಒಂದರಲ್ಲೂ ಸಣ್ಣ ಪಾಲು, ಅದರ ಮಟ್ಟಿಗೆ ಸೌಮ್ಯ. ಆದರೆ ಸಂರಕ್ಷಕ ಹಾಕದಿದ್ದರೆ ಮುಚ್ಚಳ ತೆಗೆದ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಹಾಕಿದ್ದರೆ ಆ ಸಂರಕ್ಷಕವೇ ಗಾಯಕ್ಕೆ ಉರಿ. ಹೊಲಿಗೆಯ ಜಾಗಕ್ಕೆ ಎರಡೂ ದಾರಿ ಸರಿಯಿಲ್ಲ.

---

ಲೇಬರ್‌ವಾರ್ಡ್:

ಕಟಿಸ್ನಾನ ಒಳ್ಳೆಯದು, ಮಾಡಿಸಿ. ಎಣ್ಣೆ ಮಾತ್ರ ಬಿಡಿ.

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಆರು ಹನಿ ಹಾಕಿದರೆ ಆರು ಹನಿಯೂ ಮೇಲೆ ತೇಲುತ್ತದೆ, ಬಾಣಂತಿ ಕೂರುವಾಗ ಆ ಪದರ ನೇರವಾಗಿ ಹೊಲಿಗೆಗೂ ಯೋನಿದ್ವಾರಕ್ಕೂ ಮೆತ್ತಿಕೊಳ್ಳುತ್ತದೆ. "ಎರಡು ಲೀಟರಿಗೆ ಆರೇ ಹನಿ, ಎಷ್ಟು ತೆಳು!" ಅನ್ನುವುದು ಕಾಗದದ ಲೆಕ್ಕ. ಚರ್ಮಕ್ಕೆ ಸಿಗುವುದು ತೆಳು ಮಾಡದ ಎಣ್ಣೆ. ಉಪ್ಪಿನಲ್ಲಿ ಕಲಸಿ ಹಾಕಿ, ಹಾಲಿನಲ್ಲಿ ಕಲಸಿ ಹಾಕಿ ಅಂತ ಹೇಳುವವರಿದ್ದಾರೆ. ಉಪ್ಪು ಕರಗಿದ ತಕ್ಷಣ ಎಣ್ಣೆ ಮತ್ತೆ ಮೇಲಕ್ಕೆ. ಹಾಲು ಅದನ್ನು ಹಿಡಿದಿಡುವಷ್ಟು ಗಟ್ಟಿಯಲ್ಲ, ಜೊತೆಗೆ ಗಾಯದ ಜಾಗಕ್ಕೆ ಹಾಲು ಯಾಕೆ? ಪಾಲಿಸಾರ್ಬೇಟ್ 20 ಹಾಕಿದರೆ ಕರಗುತ್ತದೆ ನಿಜ, ಆದರೆ ಅದು ಸೋಪಿನ ಜಾತಿಯದು.

ಲ್ಯಾವೆಂಡರ್ ಮಾತು ಎಲ್ಲಿಂದ ಬಂತು ಅಂದರೆ, 1994ರಲ್ಲಿ ಇಂಗ್ಲೆಂಡಿನಲ್ಲಿ 635 ಬಾಣಂತಿಯರ ಮೇಲೆ ಅಧ್ಯಯನ ಆಗಿದೆ. ಒಂದು ಗುಂಪಿಗೆ ನಿಜವಾದ ಲ್ಯಾವೆಂಡರ್, ಇನ್ನೊಂದಕ್ಕೆ ಕೃತಕ, ಮೂರನೆಯದಕ್ಕೆ ಏನೂ ಕೆಲಸ ಮಾಡದ ಸುಗಂಧ, ಹತ್ತು ದಿನ ಸ್ನಾನದ ನೀರಿಗೆ. 3 ಮತ್ತು 5ನೇ ದಿನ ನಿಜವಾದ ಎಣ್ಣೆಯವರಿಗೆ ಕಿರಿಕಿರಿ ಸ್ವಲ್ಪ ಕಡಿಮೆ ಇದ್ದಂತೆ ಕಂಡರೂ ಗುಂಪುಗಳ ನಡುವೆ ಗಟ್ಟಿ ವ್ಯತ್ಯಾಸ ಸಿಗಲಿಲ್ಲ. ಇರಾನಿನ ಅಧ್ಯಯನವೊಂದರಲ್ಲಿ ಪೊವಿಡೋನ್ ಅಯೋಡಿನ್‌ಗೆ ಹೋಲಿಸಿದಾಗ ಕೆಂಪು ಕಡಿಮೆ ಬಂದಿದೆ. ಅಯೋಡಿನ್ ತಾನೇ ಗಾಯವನ್ನು ಕೆರಳಿಸಬಹುದು, ಹಾಗಾಗಿ ಆ ಹೋಲಿಕೆಯನ್ನು ಹಿಡಿದು ಕುಣಿಯುವುದು ಬೇಡ. ಬರೀ ಬೆಚ್ಚಗಿನ ನೀರು ಸಾಕಷ್ಟು ಕೆಲಸ ಮಾಡುತ್ತದೆ.

ಹೀಗೆ ಮಾಡಿ. ಕಮೋಡಿನ ಮೇಲೆ ಕೂರುವ ಸಿಟ್ಸ್ ಬಾತ್ ಟಬ್ ಮೆಡಿಕಲ್ ಶಾಪುಗಳಲ್ಲಿ ಸಿಗುತ್ತದೆ, ಬಾಣಂತಿಗೆ ನೆಲದ ಬೋಗುಣಿಗಿಂತ ಅದೇ ವಾಸಿ, ಏಳುವಾಗ ಹೊಲಿಗೆ ಎಳೆಯುವುದಿಲ್ಲ. ಟಬ್ಬನ್ನು ಸೋಪು ಹಾಕಿ ತೊಳೆಯಿರಿ, ಅದಕ್ಕೆ ಕುದಿಸಿ ಆರಿಸಿದ ನೀರು ಎರಡು ಮೂರು ಲೀಟರು. ಬಿಸಿ 37ರಿಂದ 40 ಡಿಗ್ರಿ, ಮೊಣಕೈ ಅದ್ದಿದರೆ ಹಿತ ಅನ್ನಿಸಬೇಕು. 10ರಿಂದ 15 ನಿಮಿಷ, ದಿನಕ್ಕೆ ಎರಡು ಸಲ. ಅರ್ಧ ಗಂಟೆ ಕೂತರೆ ಚರ್ಮ ನೆನೆದು ಹೊಲಿಗೆಯ ಅಂಚು ಮೆತ್ತಗಾಗುತ್ತದೆ. ಎದ್ದ ಮೇಲೆ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಮುಂದಿನಿಂದ ಹಿಂದಕ್ಕೆ ಒತ್ತಿ ಒರೆಸಿ, ಉಜ್ಜಬೇಡಿ. ಪ್ಯಾಡ್ ನಾಲ್ಕು ಗಂಟೆಗೊಮ್ಮೆ. ಮೂತ್ರದ ಉರಿಗೆ, ಮೂತ್ರ ಹೋಗುತ್ತಿರುವಾಗಲೇ ಮಗ್ಗಿನಿಂದ ಬೆಚ್ಚಗಿನ ನೀರು ಸುರಿದುಕೊಂಡರೆ ಅರ್ಧ ತೊಂದರೆ ಹೋಗುತ್ತದೆ. ಹಾಗೆ ಮಾಡಿದರೂ ಒಳಗಿನಿಂದ ಉರಿ, ಪದೇ ಪದೇ ಹೋಗಬೇಕು ಅನ್ನಿಸುವುದು ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ.

ಬಾಣಂತಿ ಹೊಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸಾಂಬ್ರಾಣಿ ಕೆಂಡದ ಮೇಲೆ ನಿಲ್ಲಿಸಿ ಕೆಳಗಿನಿಂದ ಹೊಗೆ ಕೊಡುವುದನ್ನು ಹೊಲಿಗೆ ಇರುವಾಗ ಮಾಡಬೇಡಿ, ಸೀರೆಗೆ ಕಿಡಿ ಹಾರುವುದು, ತೊಡೆ ಸುಡುವುದು ಎರಡೂ ಆಗುತ್ತವೆ.

ಹೊಲಿಗೆ ಬಿಟ್ಟುಕೊಂಡರೆ, ಕೀವು, ನಾತದ ಸ್ರಾವ, 38 ಡಿಗ್ರಿ ಮೇಲೆ ಜ್ವರ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಕಂಡರೆ ಹೆರಿಗೆಯಾದ ಆಸ್ಪತ್ರೆಗೆ ಅದೇ ದಿನ ಹೋಗಿ. ರಾತ್ರಿ ಹೊತ್ತಿಗೆ ವಾಣಿವಿಲಾಸ ಆಸ್ಪತ್ರೆ ಇದೆ.

---

ಸಂಪಿಗೆರೋಡ್:

ಬಾಣಂತಿ ವಿಷಯ ತಿಳಿಯಿತು, ಧನ್ಯವಾದ. ಹಿರಿಯರಿಗೆ? ಬರೀ ಗಾಣದ ಕೊಬ್ಬರಿ ಎಣ್ಣೆಯಾದರೂ ಹಚ್ಚಬಹುದಾ? ಬಿಳಿ ಸೆರಗಿಗೂ ಹೂವಿನ ಎಣ್ಣೆ ಒಳ್ಳೇದು ಅನ್ನುವವರಿದ್ದಾರೆ.

---

ಡ್ರಗ್‌ಸ್ಟೋರ್:

ಹಿರಿಯರ ತೊಂದರೆಗೆ ಕಾರಣ ಈಸ್ಟ್ರೋಜನ್ ಇಳಿಯುವುದು. ಒಳಪೊರೆ ತೆಳುವಾಗುತ್ತದೆ, ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ಮುಟ್ಟಾಗುವ ವಯಸ್ಸಿನಲ್ಲಿ 3.8ರಿಂದ 4.5 ಇರುವ ಪಿಎಚ್, ಆಮೇಲೆ 5ರ ಮೇಲಕ್ಕೆ ಏರುತ್ತದೆ. ಯಾವ ಹೂವಿನ ಎಣ್ಣೆಯೂ ಇದನ್ನು ತಿರುಗಿಸುವುದಿಲ್ಲ, ತೆಳು ಪೊರೆಗೆ ಲಿನಲೂಲ್, ಜೆರಾನಿಯೋಲ್‌ನಂಥ ಸುಗಂಧಗಳು ಬೇಗ ಅಲರ್ಜಿ ತರುತ್ತವೆ.

ಹೊರಗಿನ ತುಟಿಯ ಮೇಲೆ ಬರೀ ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚಬಹುದು. ಒಳಗೆ ಬೇಡ. ಒಳಗೆ ಎಣ್ಣೆ ಬಳಸುವವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ, ಪೆಟ್ರೋಲಿಯಂ ಜೆಲ್ಲಿ ಬಳಸುವವರಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ (ಒಳಗಿನ ಬ್ಯಾಕ್ಟೀರಿಯಾ ಏರುಪೇರು) ಹೆಚ್ಚು ಕಂಡುಬಂದಿದೆ. ಕಾಂಡೋಮ್ ಬಳಸುವ ಮನೆಯಾದರೆ ಇನ್ನೊಂದು ಮಾತು: ಲೇಟೆಕ್ಸ್ ಎಣ್ಣೆ ತಾಗಿದ ನಿಮಿಷಗಳಲ್ಲೇ ಬಲ ಕಳೆದುಕೊಳ್ಳುತ್ತದೆ. ಯೋನಿಯೊಳಗೆ ಇಡುವ ಕೆಲವು ಮಾತ್ರೆಗಳ ಎಣ್ಣೆ ಬೇಸ್‌ಗೂ ಅದೇ ಗುಣ, ಪ್ಯಾಕಿನೊಳಗಿನ ಮಾಹಿತಿ ಚೀಟಿ ಓದಿ.

ಲೂಬ್ರಿಕೆಂಟ್ ಕೊಳ್ಳುವಾಗ ನೀರಿನ ಬೇಸ್‌ನದು, ಸುಗಂಧವಿಲ್ಲದ್ದು, "ವಾರ್ಮಿಂಗ್" ಅಂತ ಬರೆಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ) 1200ಕ್ಕಿಂತ ಕೆಳಗೆ, ಸಾಧ್ಯವಾದರೆ 380ರ ಒಳಗೆ. ಅದಕ್ಕಿಂತ ಗಟ್ಟಿಯಾದದ್ದು ಜೀವಕೋಶದ ನೀರನ್ನೇ ಎಳೆದುಕೊಂಡು, ಹಚ್ಚಿದ ಮೇಲೆ ಇನ್ನೂ ಒಣಗಿಸುತ್ತದೆ. ಪ್ಯಾಕಿನ ಮೇಲೆ ಸಂಖ್ಯೆ ಇಲ್ಲದಿದ್ದರೆ ಪದಾರ್ಥಗಳ ಪಟ್ಟಿಯಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಮೊದಲಿಗೇ ಇವೆಯಾ ನೋಡಿ, ಇದ್ದರೆ ಬಿಡಿ. ಇಷ್ಟರಲ್ಲಿ ಸರಿಹೋಗದಿದ್ದರೆ ವೈದ್ಯರು ಕಡಿಮೆ ಪ್ರಮಾಣದ ಈಸ್ಟ್ರಿಯಾಲ್ ಕ್ರೀಮ್ ಬರೆಯುತ್ತಾರೆ. ರೂಢಿಯಲ್ಲಿ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಚೀಟಿ ಇಲ್ಲದೆ ತರುವ ಕ್ರೀಮ್ ಅಲ್ಲ, ಸ್ತನ ಕ್ಯಾನ್ಸರ್ ಆಗಿದ್ದವರಂತೂ ಆ ವೈದ್ಯರನ್ನೇ ಕೇಳಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಕಲೆ ರಕ್ತ ಕಂಡರೂ ಎಣ್ಣೆ, ಕ್ರೀಮ್ ಎಲ್ಲ ಬಿಟ್ಟು ತೋರಿಸಿ.

ಬಿಳಿ ಸೆರಗು ರೋಗದ ಹೆಸರಲ್ಲ. ಮೊಸರೊಡೆದ ಹಾಗೆ ಗಟ್ಟಿ, ತುರಿಕೆ ಜಾಸ್ತಿ, ನಾತವಿಲ್ಲ ಅಂದರೆ ಕ್ಯಾಂಡಿಡಾ ಇರಬಹುದು. ಬೂದು ಬಣ್ಣ, ತೆಳು, ಮೀನಿನ ವಾಸನೆ, ಪಿಎಚ್ 4.5ರ ಮೇಲೆ ಅಂದರೆ ವಜೈನೋಸಿಸ್ ಕಡೆ ಬೆರಳು. ಹಳದಿ ಹಸಿರು, ನೊರೆನೊರೆ ಆದರೆ ಟ್ರೈಕೊಮೋನಾಸ್ ಎಂಬ ಪರಾವಲಂಬಿ, ಅದಕ್ಕೆ ಗಂಡನಿಗೂ ಮಾತ್ರೆ ಕೊಡಬೇಕು, ಇಲ್ಲದಿದ್ದರೆ ತಿರುಗಿ ಬರುತ್ತದೆ. ಮೂರಕ್ಕೂ ಔಷಧಿ ಬೇರೆ ಬೇರೆ. ಸುಗಂಧ ಹಾಕಿದರೆ ವಾಸನೆ ಮುಚ್ಚಿಹೋಗಿ ರೋಗದ ಗುರುತೇ ಅಳಿಸುತ್ತದೆ, ಅದಕ್ಕೇ ಸಿಟ್ಟು ಬರುವುದು. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ.

---

ಸಂಪಿಗೆರೋಡ್:

ಲ್ಯಾವೆಂಡರ್ ಬಾಟಲಿ ಆಗಲೇ ತಂದಾಗಿದೆ. ಎಸೆಯಬೇಕಾ?

---

ಬಟ್ಟಿಪಾತ್ರೆ:

ಬೇಡ. ಹೂವಿನ ಎಣ್ಣೆಗೆ ಸರಿಯಾದ ಜಾಗ ಹೊಟ್ಟೆಯ ಚರ್ಮ ಮತ್ತು ಮೂಗು. ಮುಟ್ಟಿನ ನೋವಿರುವವರು ಮನೆಯಲ್ಲಿದ್ದರೆ ಉಪಯೋಗಕ್ಕೆ ಬರುತ್ತದೆ. ಕೊರಿಯಾದಲ್ಲಿ 67 ಕಾಲೇಜು ಹುಡುಗಿಯರ ಮೇಲೆ ಮಾಡಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 5 ಮಿ.ಲೀ. ಬಾದಾಮಿ ಎಣ್ಣೆಗೆ ಲ್ಯಾವೆಂಡರ್ 2 ಹನಿ, ಕ್ಲೇರಿ ಸೇಜ್ 1, ಗುಲಾಬಿ 1 ಹಾಕಿ, ಮುಟ್ಟಿಗೆ ಮುಂಚಿನ ಒಂದು ವಾರ ದಿನಕ್ಕೆ 15 ನಿಮಿಷ ಕಿಬ್ಬೊಟ್ಟೆ ನೀವಿದಾಗ ನೋವು ಕಡಿಮೆಯಾಗಿದೆ. ಮನೆಗೆ ಅಷ್ಟು ಖಾರ ಬೇಡ. 30 ಮಿ.ಲೀ. ಎಳ್ಳೆಣ್ಣೆಗೆ ಲ್ಯಾವೆಂಡರ್ 6 ಹನಿ ಹಾಕಿ, 1 ಮಿ.ಲೀ.ಗೆ ಸುಮಾರು 20 ಹನಿ ಲೆಕ್ಕದಲ್ಲಿ ಅದು ಶೇ 1. ಹೊಕ್ಕುಳದ ಕೆಳಗೆ, ಕೂದಲಿನ ಗೆರೆಗಿಂತ ಮೇಲೆ, ಗಡಿಯಾರದ ಮುಳ್ಳಿನ ದಿಕ್ಕಿಗೆ. ಆಮೇಲೆ ಕೈ ಸೋಪಿನಲ್ಲಿ ತೊಳೆಯದೆ ಬಾತ್‌ರೂಮಿಗೆ ಹೋಗಬೇಡಿ, ಉರಿ ಶುರುವಾಗುವುದು ಎಷ್ಟೋ ಸಲ ಆ ಬೆರಳಿನಿಂದ. ತಪ್ಪಿ ತಾಗಿದರೆ ನೀರು ಸುರಿದು ಹರಡಿಸುವ ಮೊದಲು ಬರೀ ಕೊಬ್ಬರಿ ಎಣ್ಣೆ ಅದ್ದಿದ ಹತ್ತಿಯಲ್ಲಿ ಒರೆಸಿ ತೆಗೆಯಿರಿ, ನಂತರ ಬೆಚ್ಚಗಿನ ನೀರು.

ಮೊದಲ ಬಾರಿಗೆ ಮುಂಚೆ ಮೊಣಕೈ ಒಳಮಡಿಕೆಗೆ ಬೆರೆಸಿದ ಎಣ್ಣೆಯನ್ನು ದಿನಕ್ಕೆರಡು ಸಲ, ಏಳು ದಿನ ಹಚ್ಚಿ ನೋಡಿ. ಒಂದು ರಾತ್ರಿಯ ಪರೀಕ್ಷೆ ಮೋಸ, ಈ ಅಲರ್ಜಿ ಏಳಲು ಎರಡರಿಂದ ನಾಲ್ಕು ದಿನ ಬೇಕು. ಬಸುರಿಯರಿಗೆ ವೈದ್ಯರನ್ನು ಕೇಳದೆ ಬೇಡ.

ಮಲ್ಲಿಗೆಗೂ ಒಂದು ಹಳೆಯ ಕೆಲಸವಿದೆ. ಮಗು ಉಳಿಯದೆ ಹೋದಾಗ ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ದಂಡೆ ಕಟ್ಟುವುದು ದಕ್ಷಿಣದ ಪದ್ಧತಿ. ವೆಲ್ಲೂರಿನಲ್ಲಿ ಅದನ್ನು ಬ್ರೊಮೊಕ್ರಿಪ್ಟಿನ್ ಮಾತ್ರೆಗೆ ಹೋಲಿಸಿ 1988ರಲ್ಲಿ ಪ್ರಕಟಿಸಿದ್ದಾರೆ, ಹೂವಿನಿಂದಲೂ ಹಾಲು ಇಳಿಯಿತು. ಹಾಲೂಡಿಸುವ ನಿಮ್ಮ ಬಾಣಂತಿಯ ರವಿಕೆಯೊಳಗೆ ಮಲ್ಲಿಗೆ ಇಡಿಸಬೇಡಿ, ಮುಡಿಗೆ ಮುಡಿಸಿ.

ಬಾಟಲಿಯ ಮುಚ್ಚಳ ತೆಗೆದ ತಾರೀಖನ್ನು ಅದರ ಮೇಲೇ ಬರೆದು ತಣ್ಣಗಿನ ಕತ್ತಲಲ್ಲಿಡಿ, ಮಗುವಿನ ಕೈಗೆ ಎಟುಕದ ಹಾಗೆ. ಲ್ಯಾವೆಂಡರಿನಲ್ಲಿರುವ ಲಿನಲೂಲ್ ಗಾಳಿಯಾಡಿದರೆ ಹೈಡ್ರೊಪೆರಾಕ್ಸೈಡ್ ಆಗುತ್ತದೆ, ಅಲರ್ಜಿ ತರುವುದು ಹೆಚ್ಚಾಗಿ ಅದೇ. ವರ್ಷ ದಾಟಿದ್ದನ್ನು ಮೈಗೆ ಹಚ್ಚದೆ ನೆಲ ಒರೆಸುವ ನೀರಿಗೆ ಹಾಕಿ.